ಬಳೆ ಸೇರಿಸಿದ ತೂಕ

ನಮ್ಮ ಮನೆಯಲ್ಲಿ ನನ್ನ ತಲೆಯ ಬಗ್ಗೆ ಎರಡು ಮಾತಿಲ್ಲ. ಅದು ದೊಡ್ಡದು. ಒಳಗೆ ಏನಾದರೂ ಇದೆಯೇ ಎಂಬುದರ ಬಗ್ಗೆ ಮಾತ್ರ ಚರ್ಚೆ. ಹೆಲ್ಮೆಟ್ ಕೊಳ್ಳಲು ಶಿವಾಜಿನಗರಕ್ಕೆ ಹೋದಾಗ ಅಂಗಡಿಯವನು ಒಂದೊಂದನ್ನೇ ನನ್ನ ತಲೆಗೆ ಒತ್ತಿ ನೋಡಿ, ಬೆವರು ಒರೆಸಿಕೊಂಡು, "ಪಕ್ಕದ ಅಂಗಡೀಲಿ ಬಕೆಟ್ ಸಿಗ್ತವೆ ಗುರು, ಒಂದ್ಸಲ ಹಾಕ್ ನೋಡಿ" ಅಂದಿದ್ದ. ಈ ತಲೆಯನ್ನು ಭೂಮಿಗೆ ತರಲು ಅಮ್ಮ ಪಟ್ಟ ಪಾಡು ಹಲಸೂರಿನ ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಬಾಯಿಪಾಠ. ನೋವು ಶುರುವಾದ ಮೇಲೂ ನಾನು ಹೊರಗೆ ಬರುವ ಮನಸ್ಸು ಮಾಡಲಿಲ್ಲವಂತೆ. ಕೊನೆಗೆ ಇಕ್ಕಳ ಹಾಕಿ ಎಳೆದರಂತೆ. ಅಮ್ಮ ಉಳಿಯುವುದಿಲ್ಲ ಎಂದು ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತರಂತೆ. ಈ ಕಥೆಯನ್ನು ನಾನು ಎಲ್ಲರ ಧ್ವನಿಯಲ್ಲೂ ಮಾಡಿ ತೋರಿಸುತ್ತಿದ್ದೆ. ಇಕ್ಕಳಕ್ಕೂ ಒಂದು ಸದ್ದು ಕೊಟ್ಟಿದ್ದೆ. ಎಲ್ಲರೂ ನಗುತ್ತಿದ್ದರು. ಅಮ್ಮ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.

ಅದು ತೊಂಬತ್ತರ ದಶಕದ ಕೊನೆ. ಹಗಲು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಹಬ್ಬದ ದಿನಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಮಿಮಿಕ್ರಿ. ಹಾಡಿಗೂ ಹಾಡಿಗೂ ನಡುವೆ ಗಾಯಕರು ನೀರು ಕುಡಿಯುವಷ್ಟು ಹೊತ್ತು ಜನ ಎದ್ದುಹೋಗದಂತೆ ನೋಡಿಕೊಳ್ಳುವುದು ನನ್ನ ಕಲೆ. ಸುಮ್ಮನೆ ಕೂರಲು ಬಾರದವನಿಗೆ ಹೇಳಿ ಮಾಡಿಸಿದ ಉದ್ಯೋಗ.

ಅಕ್ಕ ಚೊಚ್ಚಲ ಬಸುರಿಯಾಗಿ ಕೆ.ಆರ್. ಪುರದ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದದ್ದು ಐದನೇ ತಿಂಗಳಲ್ಲಿ. ವಾಂತಿ ಪೂರ್ತಿ ನಿಂತಿರಲಿಲ್ಲ, ಅಲ್ಲಿಂದ ಆಸ್ಪತ್ರೆ ದೂರ, ಭಾವನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಆಟೋದಿಂದ ಇಳಿದ ಮಗಳ ಹೊಟ್ಟೆಯನ್ನು ಅಮ್ಮ ಒಮ್ಮೆ ನೋಡಿದಳು. ಆಮೇಲೆ, ಸೂಟ್‌ಕೇಸು ಹಿಡಿದು ಹಿಂದೆ ನಿಂತಿದ್ದ ನನ್ನ ತಲೆಯನ್ನು ನೋಡಿದಳು.

"ನನಗಾದಂಗೆ ಇವಳಿಗೆ ಆಗ್ಬಾರ್ದು," ಅಂದಳು.

"ನಾನೇನಮ್ಮ ಮಾಡಿದೆ? ಸೂಟ್‌ಕೇಸ್ ಹಿಡ್ಕೊಂಡಿದೀನಿ ಅಷ್ಟೇ," ಅಂದೆ.

ಅಮ್ಮನ ತರ್ಕ ನೇರವಾಗಿತ್ತು. ಬಸುರಿ ಜಾಸ್ತಿ ತಿಂದರೆ ಮಗು ದಪ್ಪವಾಗುತ್ತದೆ. ದಪ್ಪವಾದರೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಕೊಯ್ಯುತ್ತಾರೆ. ಆದ್ದರಿಂದ ಮಗು ಹೊಟ್ಟೆಯಲ್ಲಿ ಚಿಕ್ಕದಾಗಿರಲಿ, ಹೊರಗೆ ಬಂದ ಮೇಲೆ ಎಷ್ಟು ಬೇಕಾದರೂ ಬೆಳೆಸಿಕೊಳ್ಳೋಣ. ನಮ್ಮ ಗಲ್ಲಿಯ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಇದನ್ನೇ ಹೇಳುತ್ತಿದ್ದರು. ಕೆ.ಆರ್. ಪುರದ ಅತ್ತೆ, ಅಂದರೆ ಭಾವನ ತಾಯಿ, ಇದಕ್ಕೆ ತದ್ವಿರುದ್ಧ. ಇಬ್ಬರ ಊಟ ಒಬ್ಬಳೇ ಉಣ್ಣಬೇಕು ಎನ್ನುವವರು. ಆದರೆ ಅವರು ಇದ್ದದ್ದು ರೈಲ್ವೇ ಹಳಿಯ ಆಚೆ, ತಟ್ಟೆ ಇದ್ದದ್ದು ಅಮ್ಮನ ಕೈಯಲ್ಲಿ.

ತಟ್ಟೆಗೆ ಬೆಳಿಗ್ಗೆ ಒಂದು ಇಡ್ಲಿ. ಮಧ್ಯಾಹ್ನ ಅರ್ಧ ಮುದ್ದೆ, ತಿಳಿಸಾರು. ಬಾಳೆಹಣ್ಣು ಶೀತ, ಕಡಲೆಕಾಯಿ ಪಿತ್ತ, ಮೊಟ್ಟೆ ಉಷ್ಣ. ಒಟ್ಟಿನಲ್ಲಿ ನಾಲಿಗೆಗೆ ರುಚಿಯಾದದ್ದಕ್ಕೆಲ್ಲ ಒಂದೊಂದು ಕಾಯಿಲೆ ಅಂಟಿಕೊಂಡಿತ್ತು. ಅಮ್ಮ ಜಿಪುಣತನದಿಂದ ಹೀಗೆ ಮಾಡುತ್ತಿರಲಿಲ್ಲ. ಅಕ್ಕ ಅರೆಹೊಟ್ಟೆಯಲ್ಲಿ ಎದ್ದಾಗ ತಾನೂ ಉಣ್ಣದೆ ಏಳುತ್ತಿದ್ದಳು. ಆ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದವರು ನಾನು ಮತ್ತು ಅಪ್ಪ. ನಾನು ಉಣ್ಣುವಾಗ ಅಮ್ಮ ನನ್ನ ತಲೆಯನ್ನೇ ನೋಡುತ್ತಿದ್ದಳು, ಅದು ಇನ್ನೂ ಬೆಳೆಯುತ್ತಿದೆಯೇನೋ ಎಂಬಂತೆ.

ತಿಂಗಳಿಗೊಮ್ಮೆ ಅಮ್ಮನ ಜೊತೆ ಅಕ್ಕನನ್ನು ಶಿವಾಜಿನಗರದ ಕಡೆಯ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಅಲ್ಲಿ ಎಲ್ಲಕ್ಕಿಂತ ಮೊದಲು ತೂಕ. ಬಸುರಿಯರ ಸಾಲು, ಮುಂದೆ ಒಂದು ತೂಕದ ಯಂತ್ರ, ಅದರ ಪಕ್ಕ ಒಬ್ಬ ನರ್ಸಮ್ಮ. ಆಕೆ ತೂಕವನ್ನು ಬಸ್ ಕಂಡಕ್ಟರಂತೆ ಕೂಗಿ ಹೇಳುತ್ತಿದ್ದರು. ಹೀಗೆ ಕೂಗಿದರೆ ದೃಷ್ಟಿಯಾಗುತ್ತದೆ ಎಂದು ಅಮ್ಮ ಅಕ್ಕನ ಸುತ್ತ ಸೆರಗು ಹಿಡಿದು ನಿಲ್ಲುತ್ತಿದ್ದಳು, ಸೆರಗು ಅಡ್ಡ ಹಿಡಿದರೆ ಸದ್ದು ನಿಲ್ಲುತ್ತದೇನೋ ಎಂಬ ಹಾಗೆ. ಮೊದಲ ಸಲ ಹೋದಾಗ ನಾನು ಹಿಂದೆ ನಿಂತು ನರ್ಸಮ್ಮನ ಧ್ವನಿಯಲ್ಲಿ, "ಶಿವಾಜಿನಗರ, ಹಲಸೂರು, ಯಾರ್ರೀ ಮುಂದೆ ಬನ್ರೀ" ಅಂದೆ. ಸಾಲಿನಲ್ಲಿದ್ದ ಬಸುರಿಯರೆಲ್ಲ ನಿಜವಾಗಿಯೂ ಒಂದು ಹೆಜ್ಜೆ ಮುಂದೆ ಬಂದರು. ನನ್ನನ್ನು ಹೊರಗೆ ಕಳಿಸಿದರು.

ಆರನೇ ತಿಂಗಳಲ್ಲಿ ತೂಕ ಏರಲಿಲ್ಲ. ಡಾಕ್ಟರಮ್ಮ ಕಾರ್ಡು ನೋಡಿ ಕನ್ನಡಕ ತೆಗೆದರು.

"ಊಟ ಸರಿಯಾಗಿ ಮಾಡ್ತಿದೀಯೇನಮ್ಮ?"

"ಮಾಡ್ತಾಳೆ ಡಾಕ್ಟ್ರೇ," ಅಂದಳು ಅಮ್ಮ.

"ಮುಂದಿನ ಸಲವೂ ಹಿಂಗೇ ಇದ್ರೆ ಕೆಳಗಡೆ ಡಯಟಿಷಿಯನ್ ಹತ್ರ ಕಳಿಸ್ತೀನಿ. ಮಗು ಬೆಳವಣಿಗೆ ಸಾಲದು."

ಹೊರಗೆ ಬಂದ ಮೇಲೆ ಅಮ್ಮ ಕೇಳಿದಳು: "ಅದ್ಯಾರೋ ಡಯಟಿಷಿಯನ್ನು?"

"ಏನು ತಿನ್ಬೇಕು ಅಂತ ಹೇಳ್ತಾರಮ್ಮ."

"ಅದಕ್ಕೂ ಒಬ್ಬರು ಓದ್ಕೊಂಡ್ ಬಂದವ್ರೆ? ಅಷ್ಟೂ ಗೊತ್ತಿಲ್ದೆ ನಾನು ನಿಮ್ಮಿಬ್ರನ್ನ ಸಾಕಿದ್ನಾ?"

ಅಂದಿನಿಂದ ನನಗೆ ಒಂದು ಕಡೆ ನಿಲ್ಲಲು ಆಗದ ಕಾಯಿಲೆ ಹತ್ತಿತು. ಜೆರಾಕ್ಸ್ ಯಂತ್ರದ ಬೆಳಕು ಆ ಕಡೆಯಿಂದ ಈ ಕಡೆಗೆ ಹೋಗುವಷ್ಟರಲ್ಲಿ ನಾನು ಮೂರು ಸಲ ಬಾಗಿಲಿಗೆ ಹೋಗಿ ಬರುತ್ತಿದ್ದೆ. ಮಧ್ಯಾಹ್ನ ಊಟಕ್ಕೆಂದು ಮನೆಗೆ ಓಡುತ್ತಿದ್ದೆ, ಬಂದರೆ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಒಂದು ದಿನ ಪೊಟ್ಟಣದಲ್ಲಿ ಬೆಣ್ಣೆ ಬನ್ನು ಕಟ್ಟಿಸಿಕೊಂಡು ತಂದೆ. ಅಕ್ಕ ಮಹಡಿಯ ಮೇಲೆ, ನೀರಿನ ತೊಟ್ಟಿಯ ನೆರಳಲ್ಲಿ ಕೂತಿದ್ದಳು. ಬನ್ನನ್ನು ಮೂಸಿ ನೋಡಿ ವಾಪಸ್ಸು ಕೊಟ್ಟಳು.

"ಬೇಡ ಕಣೋ. ನಿನ್ನ ತಲೆ ಥರ ಆದ್ರೆ?"

"ಆದ್ರೆ ಏನೀಗ? ಹೆಲ್ಮೆಟ್ ಖರ್ಚು ಉಳೀತು."

ಅವಳು ನಗಲಿಲ್ಲ. ಅವಳಿಗೂ ಹೆದರಿಕೆಯಿತ್ತು. ಚಿಕ್ಕಂದಿನಿಂದ ನನ್ನ ಇಕ್ಕಳದ ಕಥೆ ಕೇಳಿ ನಕ್ಕವಳು, ಈಗ ಅದೇ ಕಥೆಯ ಒಳಗೆ ಕೂತಿದ್ದಳು. ಆಮೇಲೆ, "ಲೋ, ದೋಸೆ ಮಾಡೋ" ಅಂದಳು.

"ಏನು?"

"ನಿನ್ನ ಬಾಯಲ್ಲಿ ಮಾಡೋ. ಸದ್ದು."

ಮಾಡಿದೆ. ಮೊದಲು ಕಾದ ಕಾವಲಿಗೆ ನೀರು ಚಿಮುಕಿಸಿದ ಸದ್ದು. ಆಮೇಲೆ ಹಿಟ್ಟು ಬಿದ್ದು ಚೊಂಯ್ ಎಂದು ಹರಡಿಕೊಂಡದ್ದು. ಅಂಚಿಗೆ ಎಣ್ಣೆ ಬಿದ್ದಾಗಿನ ಚಿಟಿಚಿಟಿ. ಮೊಗುಚುವ ಕೈ ಅಡಿಗೆ ಹೋಗಿ ಕೆರೆದು ಎಬ್ಬಿಸಿದ ಸದ್ದು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. "ಇನ್ನೊಂದು" ಅಂದಳು. ಇನ್ನೊಂದು ಹುಯ್ದೆ. ವೇದಿಕೆಯ ಮೇಲೆ ಎಷ್ಟೋ ಸಲ ಚಪ್ಪಾಳೆ ಬಿದ್ದಿದೆ, ಒನ್ಸ್ ಮೋರ್ ಅನ್ನಿಸಿಕೊಂಡಿದ್ದೇನೆ. ಅಂಥ ಒನ್ಸ್ ಮೋರ್ ಇನ್ನೊಮ್ಮೆ ಯಾರೂ ಕೇಳುವುದು ಬೇಡ.

ಏಳನೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ಸೀಮಂತವಾಯಿತು. ನಮ್ಮಲ್ಲಿ ಬಸುರಿಗೆ ಹಸಿರು ಗಾಜಿನ ಬಳೆ ತೊಡಿಸುತ್ತಾರೆ. ಒಮ್ಮೆ ತೊಡಿಸಿದರೆ ಹೆರಿಗೆಯ ತನಕ ತೆಗೆಯುವಂತಿಲ್ಲ. ಬಳೆಯ ಸದ್ದು ಹೊಟ್ಟೆಯಲ್ಲಿರುವ ಮಗುವಿಗೆ ಕೇಳಬೇಕಂತೆ. ಹಲಸೂರೆಂದರೆ ಪಕ್ಕದ ಮನೆ ತಮಿಳರದು, ಎದುರು ಮನೆ ತೆಲುಗರದು, ಎಲ್ಲರಲ್ಲೂ ಬಳೆಯ ಶಾಸ್ತ್ರ ಇದ್ದದ್ದೇ. ಬಂದವರೆಲ್ಲ ತಮ್ಮ ಪಾಲಿನದನ್ನು ತೊಡಿಸಿದರು. ಕೆ.ಆರ್. ಪುರದವರು ಡಜನ್ ಹಾಕಿದರೆಂದು ಹಲಸೂರಿನವರು ಇನ್ನೊಂದು ಡಜನ್. ಕೊನೆಗೆ ಅಕ್ಕನ ಎರಡೂ ಕೈ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು. ಅತ್ತೆ ಒಂದು ಜೊತೆ ದಪ್ಪ ಬೆಳ್ಳಿ ಕಾಲುಗೆಜ್ಜೆ ತಂದು ಹಾಕಿ, ಅದು ಎಷ್ಟು ಗ್ರಾಮೆಂದು ಬೀದಿಗೆ ಕೇಳುವಂತೆ ಹೇಳಿದರು. ಅದನ್ನೂ ಹೆರಿಗೆಯವರೆಗೆ ಬಿಚ್ಚಬಾರದೆಂದು ಮಾತು ತೆಗೆದುಕೊಂಡರು.

"ಚೆನ್ನಾಗಿ ತಿನ್ನೇ ತಾಯಿ. ಕೈ ನೋಡು, ಬಳೆ ನಿಲ್ತಾ ಇಲ್ಲ," ಅಂದರು ಅತ್ತೆ. ಅಮ್ಮನ ಮುಖ ಕೆಂಪಗಾಯಿತು. ನಾನು ಭಾವನ ಹಾಗೆ ಗಂಟಲು ಸರಿಮಾಡಿಕೊಂಡು, "ಅಮ್ಮಾ, ಫ್ಯಾಕ್ಟರಿಗೆ ಲೇಟಾಯ್ತು" ಅಂದೆ. ಭಾವನೇ ಬೆಚ್ಚಿ ಗಡಿಯಾರ ನೋಡಿಕೊಂಡರು. ಆ ನಗೆಯಲ್ಲಿ ಜಗಳ ತಪ್ಪಿತು.

ಮುಂದಿನ ವಾರವೇ ಆಸ್ಪತ್ರೆಯ ದಿನ. ಸೀಮಂತದ ಸೀರೆಯನ್ನೇ ಉಟ್ಟು ಡಾಕ್ಟರಿಗೆ ತೋರಿಸಬೇಕೆಂದು ಅಮ್ಮ ಅಕ್ಕನಿಗೆ ರೇಷ್ಮೆ ಉಡಿಸಿದಳು. ನರ್ಸಮ್ಮ ತೂಕ ಕೂಗಿದರು. ಕಿಲೋಗಿಂತ ಜಾಸ್ತಿ ಏರಿತ್ತು. ಅಂದು ನಮ್ಮ ಡಾಕ್ಟರಮ್ಮ ರಜೆ. ಅವರ ಬದಲಿಗೆ ಕೂತಿದ್ದವರು ಕಾರ್ಡು ನೋಡಿ, "ಗುಡ್, ಪಿಕ್ ಅಪ್ ಆಗಿದೆ" ಎಂದು ಸಹಿ ಹಾಕಿ ಮುಂದಿನವರನ್ನು ಕರೆದರು. ನಾನು ಖುಷಿಯಲ್ಲಿ ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ತಿರುಗಿ ನೋಡಿದರೆ ಅಮ್ಮ ಕಂಬ ಹಿಡಿದು ನಿಂತಿದ್ದಳು.

"ಒಂದೇ ತಿಂಗ್ಳಲ್ಲಿ ಅಷ್ಟೊಂದಾ?" ಅಂದಳು. "ಮಗು ದಪ್ಪ ಆಗ್ತಾ ಇದೆ ಕಣೋ."

ಅಂದಿನಿಂದ ರಾತ್ರಿಯ ಊಟ ನಿಂತು ಒಂದು ಲೋಟ ಗಂಜಿ ಬಂತು. ನಾನು ಕೂಗಾಡಿದೆ. ಅಪ್ಪನ ಧ್ವನಿಯಲ್ಲಿ ಕೂಗಾಡಿದೆ, ಡಾಕ್ಟರ ಧ್ವನಿಯಲ್ಲಿ ಕೂಗಾಡಿದೆ. ಕೊನೆಗೆ ನನ್ನ ಸ್ವಂತ ಧ್ವನಿಯಲ್ಲೂ ಕೂಗಾಡಿದೆ, ಅದು ಎಲ್ಲಕ್ಕಿಂತ ಕಡಿಮೆ ಪರಿಣಾಮ ಮಾಡಿತು. ಅಮ್ಮ ಹೇಳಿದ್ದು ಇಷ್ಟೇ: "ಕೊಯ್ದಾಗ ನೀನು ಮಲ್ಕೋತೀಯಾ ಅಲ್ಲಿ?"

ಮರುದಿನ ಸಂಜೆ ಅಕ್ಕನನ್ನು ನಗಿಸೋಣವೆಂದು ನಾನು ಅವಳಂತೆ ನಡೆದು ತೋರಿಸಿದೆ. ಬಸುರಿಯರು ಹೇಗೆ ನಡೆಯುತ್ತಾರೆಂದು ಆಸ್ಪತ್ರೆಯ ಸಾಲಿನಲ್ಲಿ ನೋಡಿ ಕಲಿತಿದ್ದೆ. ಸೊಂಟದ ಮೇಲೆ ಕೈ, ಎದೆ ಹಿಂದಕ್ಕೆ, ಕಾಲು ಅಗಲ. ಚಾಪೆಯಿಂದ ಏಳುವಾಗ ಹೊಟ್ಟೆ ಹಿಡಿದುಕೊಂಡು ನರಳಿದೆ.

"ಸುಳ್ಳು. ನಾನು ಹಂಗೆ ನಡೆಯಲ್ಲ," ಅಂದಳು.

"ಮತ್ತೆ ಹೆಂಗೆ?"

ಎದ್ದು ತೋರಿಸಿದಳು. ನಾನು ನೋಡಿದೆ. ಊರವರ ನಡಿಗೆಯನ್ನೆಲ್ಲ ಕದಿಯುವವನು, ಮನೆಯವಳ ನಡಿಗೆಯನ್ನು ಅಂದೇ ಸರಿಯಾಗಿ ನೋಡಿದ್ದು. ಅವಳು ಹಿಂದಕ್ಕೆ ವಾಲುತ್ತಿರಲಿಲ್ಲ. ಭುಜ ಮುಂದಕ್ಕೆ ಬಗ್ಗಿತ್ತು, ಎರಡೂ ಕೈ ಜೋತುಬಿದ್ದಿದ್ದವು, ನೀರಿನ ಕೊಡ ಹಿಡಿದವಳ ಹಾಗೆ.

"ಹೊಟ್ಟೆ ಅಷ್ಟೇನು ಭಾರ ಇಲ್ಲ ಕಣೋ. ಕೈಯೇ ಭಾರ," ಅಂದಳು.

ನಾನು ಅವಳ ಕೈ ನೋಡಿದೆ. ಕಾಲು ನೋಡಿದೆ. ಅಲ್ಲಿಂದ ನೇರ ಒಳಗೋಡಿದೆ. ಸೀಮಂತದಲ್ಲಿ ಮಿಕ್ಕಿದ್ದ ಬಳೆಗಳು ದೇವರ ಗೂಡಿನ ಕೆಳಗೆ ಡಬ್ಬಿಯಲ್ಲಿದ್ದವು. ಅಕ್ಕನ ಕೈಯಲ್ಲಿ ಇದ್ದಷ್ಟನ್ನು ದಾರಕ್ಕೆ ಪೋಣಿಸಿದೆ. ಅವಳ ರೇಷ್ಮೆ ಸೀರೆಯನ್ನು ಚೀಲಕ್ಕೆ ತುರುಕಿದೆ. ಬಸ್ಸಿಗೆ ಕಾಯಲು ಆಗದೆ ಅರ್ಧ ದಾರಿ ಓಡಿ, ಇನ್ನರ್ಧ ಯಾರದೋ ಸ್ಕೂಟರಿನ ಹಿಂದೆ ಕೂತು ರಸೆಲ್ ಮಾರುಕಟ್ಟೆಗೆ ಹೋದೆ. ಅಲ್ಲಿ ನನಗೆ ಪರಿಚಯದ ಒಬ್ಬ ಈರುಳ್ಳಿ ಸಾಬರಿದ್ದರು. ಅವರ ಧ್ವನಿಯನ್ನು ನಾನು ವೇದಿಕೆಯ ಮೇಲೆ ಬಹಳ ಸಲ ಬಳಸಿಕೊಂಡಿದ್ದೆ, ಅದು ಅವರಿಗೂ ಗೊತ್ತಿತ್ತು.

"ಸಾಬ್ರೆ, ಇದನ್ನ ತೂಕ ಹಾಕಿ."

ಅವರು ಬಳೆಯ ಸರ ನೋಡಿದರು, ನನ್ನನ್ನು ನೋಡಿದರು. "ಅರೆ ಭಾಯ್, ಬಳೆ ಪಲ್ಯ ಮಾಡ್ತೀರಾ?"

"ಹಾಕಿ ಸಾಬ್ರೆ, ಆಮೇಲೆ ಹೇಳ್ತೀನಿ."

"ನಾಟಕದಲ್ಲಿ ಹೆಂಗ್ಸು ವೇಷ ಸಿಕ್ತಾ? ಈ ತಲೇಗೆ ಯಾರು ಭಾಯ್ ಜಡೆ ಹಾಕ್ತಾರೆ?"

ತಕ್ಕಡಿಯ ಒಂದು ಕಡೆ ಬಳೆ ಮತ್ತು ರೇಷ್ಮೆ, ಇನ್ನೊಂದು ಕಡೆ ಕಬ್ಬಿಣದ ಬಟ್ಟು. ಅಕ್ಕ ಹಿಂದಿನ ಸಲ ಉಟ್ಟು ಹೋಗಿದ್ದ ತೆಳು ವಾಯಿಲ್ ಸೀರೆಯ ತೂಕ ಅಂದಾಜು ಮಾಡಿ ಕಳೆದೆ. ಕಾಲುಗೆಜ್ಜೆಯದನ್ನು ಅತ್ತೆ ಇಡೀ ಬೀದಿಗೆ ಸಾರಿದ್ದರು, ಅದನ್ನು ಕೂಡಿಸಿದೆ. ಏರಿದ್ದ ತೂಕವೆಲ್ಲ ಹೆಚ್ಚುಕಡಿಮೆ ಅಲ್ಲೇ ಮುಗಿಯಿತು. ಮಿಕ್ಕದ್ದು ಸಾಬರ ಅಂಗಡಿಯ ಒಂದು ಸಣ್ಣ ಈರುಳ್ಳಿಯಷ್ಟು. ಇಡೀ ತಿಂಗಳಿಗೆ ಅಕ್ಕನಿಗೂ ಮಗುವಿಗೂ ಸೇರಿ ಸಿಕ್ಕಿದ್ದು ಅಷ್ಟೇ. ಸಾಬರಿಗೆ ವಿಷಯ ಹೇಳಿದೆ. ಅವರು ತಮಾಷೆ ನಿಲ್ಲಿಸಿ, ಬಳೆಯ ಸರವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟು, "ಜಲ್ದಿ ಹೋಗಿ ಭಾಯ್" ಅಂದರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಸರವನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ತೂಗಿ ನೋಡಿದಳು, ನಂಬಲಿಲ್ಲ. ಆದರೆ ಅಂದು ರಾತ್ರಿ ಗಂಜಿಯ ಲೋಟ ಒಲೆಯ ಪಕ್ಕದಲ್ಲೇ ಉಳಿಯಿತು, ಅಕ್ಕನಿಗೆ ಅರ್ಧ ಮುದ್ದೆ ಬಂತು. ಬೆಳಿಗ್ಗೆ ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ರಜೆ ಮುಗಿಸಿ ಬಂದಿದ್ದರು. ನಾನು ಮಾತು ಮುಗಿಸುವ ಮೊದಲೇ ಅಕ್ಕನ ಹೊಟ್ಟೆಯನ್ನು ಟೇಪಿನಲ್ಲಿ ಅಳೆದು, ಚೀಟಿ ಬರೆದು ನಮ್ಮನ್ನು ಕೆಳಗೆ ಕಳಿಸಿದರು.

ಡಯಟಿಷಿಯನ್ ಕೋಣೆ ಮೆಟ್ಟಿಲ ಕೆಳಗಿತ್ತು. ಒಳಗಿದ್ದಾಕೆ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬಾಳೆಹಣ್ಣು, ಪ್ಲಾಸ್ಟಿಕ್ಕಿನ ಚಪಾತಿ. ಅಮ್ಮ ಚಪಾತಿಯನ್ನು ಬೆರಳಲ್ಲಿ ತಟ್ಟಿ ನೋಡಿ ನನ್ನ ಕಡೆ ತಿರುಗಿದಳು. ಇವಳ ಅಡುಗೆ ಇದು ತಾನೆ ಎಂಬ ನೋಟ.

"ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದ್ರಿ?" ಎಂದು ಅವರು ಅಕ್ಕನನ್ನು ಕೇಳಿದರು.

"ಬೆಳಿಗ್ಗೆ ಇಡ್ಲಿ ಕೊಟ್ಟೆ—" ಅಮ್ಮ ಶುರುಮಾಡಿದಳು.

"ನೀವು ಕೊಟ್ಟಿದ್ದು ಆಮೇಲೆ ಕೇಳ್ತೀನಮ್ಮ. ಅವರು ತಿಂದಿದ್ದು ಹೇಳ್ಲಿ."

ಅಕ್ಕ ಹೇಳಿದಳು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಅಂಥ ಹೊತ್ತಿನಲ್ಲಿ ನನ್ನ ಬಾಯಿ ಸುಮ್ಮನಿರುವುದಿಲ್ಲ, ಫ್ಯಾನಿನ ಕಿರುಗುಟ್ಟುವಿಕೆಗೆ ನಾನೂ ಮೆಲ್ಲಗೆ ಸೇರಿಕೊಂಡೆ. ಮೇಡಂ ತಲೆಯೆತ್ತಿ, "ಎರಡು ಫ್ಯಾನ್ ಬೇಡ, ಒಂದು ಸಾಕು" ಅಂದರು. ಆಮೇಲೆ ಅಮ್ಮನ ಕಡೆ ತಿರುಗಿ, ದನಿ ಏರಿಸದೆ ಕೇಳಿದರು: "ಯಾಕಮ್ಮ ಇಷ್ಟು ಕಮ್ಮಿ?"

ಅಮ್ಮ ನನ್ನ ಕುತ್ತಿಗೆ ಹಿಡಿದು ತಲೆಯನ್ನು ಮೇಜಿನ ಮೇಲೆ ಬಗ್ಗಿಸಿದಳು. "ನೋಡಿ ಇದನ್ನ. ಇದನ್ನ ಹೆತ್ತವಳು ನಾನು. ನಾನೂ ಚೆನ್ನಾಗಿ ತಿಂದಿದ್ದೆ." ಅಷ್ಟು ಹೇಳಿ ಕುತ್ತಿಗೆ ಬಿಟ್ಟಳು. ಆ ಕಥೆಯನ್ನು ಅಮ್ಮನ ಧ್ವನಿಯಲ್ಲಿ ನಾನು ನೂರು ಸಲ ಹೇಳಿದ್ದೆ. ಅಮ್ಮನ ಬಾಯಿಂದ ಕೇಳಿದ್ದು ಅದೇ ಮೊದಲು.

ಮೇಡಂ ನನ್ನ ತಲೆಯನ್ನು ಗಂಭೀರವಾಗಿಯೇ ನೋಡಿ ಅಮ್ಮನನ್ನು ಕೇಳಿದರು: "ನಿಮಗೆ ಸಕ್ಕರೆ ಕಾಯಿಲೆ ಇದ್ಯಾ?"

"ಇದೆ. ಮಾತ್ರೆ ತಗೋತೀನಿ."

"ಇವರು ಹೊಟ್ಟೇಲಿದ್ದಾಗ ಸಕ್ಕರೆ ಪರೀಕ್ಷೆ ಮಾಡಿದ್ರಾ?"

"ಆಗ ಯಾವ ಪರೀಕ್ಷೆ? ನಾಡಿ ನೋಡಿ ಕಳಿಸ್ತಿದ್ರು."

"ಆಗ್ಲೇ ಸಕ್ಕರೆ ಇದ್ದಿರಬಹುದು. ಅದಿದ್ರೆ ಮಗು ದಪ್ಪ ಆಗೋದುಂಟು. ಖಂಡಿತ ಹಂಗೇ ಅಂತ ನಾನು ಇವತ್ತು ಹೇಳಕ್ಕಾಗಲ್ಲ. ಆದ್ರೆ ನಿಮ್ಮ ಮಗಳಿಗೆ ಪರೀಕ್ಷೆ ಆಗಿದೆ, ಸಕ್ಕರೆ ಇಲ್ಲ. ಹಸ್ಕೊಂಡಿದ್ರೆ ಹೆರಿಗೆ ಸಲೀಸಾಗಲ್ಲಮ್ಮ. ನೋವು ತಿನ್ನೋಕೂ ಶಕ್ತಿ ಬೇಕು. ಮಗು ತೀರಾ ಸಣ್ಣಗಿದ್ರೆ ಉಸಿರಾಡೋದಕ್ಕೂ ಹಾಲು ಕುಡಿಯೋದಕ್ಕೂ ಕಷ್ಟ ಪಡುತ್ತೆ."

"ಆಮೇಲೆ ಸಿಕ್ಕೊಂಡ್ರೆ?" ಅಮ್ಮ ಕೇಳಿದಳು. "ನೀವು ಬರ್ತೀರಾ?"

"ಮೇಲೆ ಡಾಕ್ಟ್ರು ಇರ್ತಾರೆ. ನಾನೂ ಬರ್ತೀನಿ."

ಅವರು ಹೇಳಿದ ಊಟದಲ್ಲಿ ಅಮ್ಮನಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಇಡೀ ಮುದ್ದೆ, ಸೊಪ್ಪು, ಬೇಳೆ, ಮೊಟ್ಟೆ, ಮೊಸರು, ಹುರಿದ ಕಡಲೆಕಾಯಿ, ನಡುನಡುವೆ ಹಣ್ಣು. ಒಂದೇ ಸಲ ತುಂಬಿಸಬೇಡಿ, ಸ್ವಲ್ಪ ಸ್ವಲ್ಪ ಕೊಡಿ ಅಂದರು. ಬಳೆ ತೆಗೆಯುವುದು ಬೇಡ, ಅದರ ಪಾಡಿಗೆ ಅದಿರಲಿ; ಇನ್ನು ವಾರವಾರವೂ ಅದೇ ಬಳೆ, ಅದೇ ಗೆಜ್ಜೆ, ಅದೇ ವಾಯಿಲ್ ಸೀರೆಯಲ್ಲಿ ಬನ್ನಿ, ಆಗ ಏರಿದ್ದೆಲ್ಲ ಮೈಯದೇ ಆಗುತ್ತದೆ ಅಂದರು. ಬಳೆ ತೆಗೆಯಿರಿ ಅನ್ನಲಿಲ್ಲವಲ್ಲ, ಅದಕ್ಕೇ ಅಮ್ಮ ಒಪ್ಪಿದಳು ಎಂದು ನನಗೆ ಈಗಲೂ ಗುಮಾನಿ.

ಒಪ್ಪಿದಳು ಅಂದರೆ ನೆಮ್ಮದಿಯಾದಳು ಎಂದಲ್ಲ. ಮನೆಗೆ ಬಂದು ಕಾವಲಿ ಇಟ್ಟು ದೋಸೆ ಹುಯ್ದಳು. ಚೊಂಯ್ ಎಂದಾಗ ಅಕ್ಕ ನನ್ನ ಬಾಯಿ ನೋಡಿದಳು. ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತೋರಿಸಿದೆ. ಅವಳು ನಕ್ಕಳು, ತಿಂದಳು, ಅತ್ತಳು, ಇನ್ನೊಂದು ಕೇಳಿದಳು. ಅಮ್ಮ ಹಾಕಿದಳು. ಹಾಕಿ, ಪಕ್ಕದಲ್ಲೇ ನಿಂತು ಪ್ರತಿ ತುತ್ತನ್ನೂ ಕಣ್ಣಲ್ಲೇ ಹಿಂಬಾಲಿಸಿದಳು. ಮುಂದಿನ ವಾರಗಳಲ್ಲಿ ತೂಕ ಸ್ವಲ್ಪ ಸ್ವಲ್ಪ ಏರಿತು. ಏರಿದಾಗ ಅಮ್ಮನ ಒಂದು ಕಣ್ಣಲ್ಲಿ ಖುಷಿ, ಇನ್ನೊಂದರಲ್ಲಿ ಗಾಬರಿ. ಏರದಿದ್ದ ವಾರ ನನಗೆ ಗಾಬರಿ. ಹೀಗೆ ಇಬ್ಬರಲ್ಲಿ ಒಬ್ಬರು ಸದಾ ಒದ್ದಾಡುತ್ತಿದ್ದೆವು. ಆಸ್ಪತ್ರೆಯ ಸಾಲಿನಲ್ಲಿ ಅಮ್ಮ ಬೇರೆ ಬಸುರಿಯರನ್ನೂ ಬಿಡಲಿಲ್ಲ. "ಚಪ್ಪಲಿ ಬಿಡಮ್ಮ. ಆ ವ್ಯಾನಿಟಿ ಬ್ಯಾಗು ಕೆಳಗಿಡು. ಅದೂ ಬಸುರಿಯಾ?" ನರ್ಸಮ್ಮನಿಗೆ ಕೂಗುವ ಕೆಲಸ ಅರ್ಧ ತಪ್ಪಿತು.

ದಿನ ತುಂಬಿ, ಒಂದು ಬೆಳಿಗ್ಗೆ ನೋವು ಬಂತು. ಮಧ್ಯಾಹ್ನವಾದರೂ ಒಳಗಿಂದ ಸುದ್ದಿಯಿಲ್ಲ. ಕಾರಿಡಾರಿನಲ್ಲಿ ಭಾವ ಗಡಿಯಾರ ನೋಡುತ್ತಿದ್ದರು, ಅತ್ತೆ ದೇವರ ಹೆಸರು ಹೇಳುತ್ತಿದ್ದರು, ನಾನು ಟ್ರಾಲಿಯ ಚಕ್ರದಿಂದ ಹಿಡಿದು ಆಂಬುಲೆನ್ಸಿನವರೆಗೆ ಕಿವಿಗೆ ಬಿದ್ದ ಸದ್ದನ್ನೆಲ್ಲ ತುಟಿಯೊಳಗೇ ಮಾಡುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಅಮ್ಮ ಮಾತ್ರ ಮೆಟ್ಟಿಲ ಮೇಲೆ ಕೂತಿದ್ದಳು, ನನ್ನ ಕಥೆಯಲ್ಲಿ ಅಪ್ಪ ಕೂತಿದ್ದ ಹಾಗೆಯೇ. ಡಯಟಿಷಿಯನ್ ಮೇಡಂ ಊಟದ ಡಬ್ಬಿ ಹಿಡಿದುಕೊಂಡೇ ಮೇಲೆ ಬಂದರು. ಅಮ್ಮನ ಪಕ್ಕ ಕೂತರು. ಮಾಡಲು ಅವರಿಗೂ ಅಲ್ಲಿ ಏನೂ ಕೆಲಸವಿರಲಿಲ್ಲ.

ಒಬ್ಬ ನರ್ಸು ಬಂದು ಟವೆಲ್ಲಿನಲ್ಲಿ ಸುತ್ತಿದ ಬಳೆಗಳನ್ನು ಅಮ್ಮನ ಮಡಿಲಿಗೆ ಹಾಕಿ ಹೋದಳು. ಸೋಪು ಹಚ್ಚಿ ತೆಗೆದಿದ್ದರು, ಇನ್ನೂ ಒದ್ದೆಯಿದ್ದವು. ಆಮೇಲೆ ಸ್ವಲ್ಪ ಹೊತ್ತಿಗೆ ಒಂದು ಅಳು ಕೇಳಿತು. ಅಷ್ಟು ಸಿಟ್ಟಿನ ಅಳುವನ್ನು ಇವತ್ತಿಗೂ ನನ್ನಿಂದ ಮಾಡಲಾಗಿಲ್ಲ.

ಹೆಣ್ಣುಮಗು. ಕೊಯ್ದಿರಲಿಲ್ಲ. ಅಕ್ಕ ಸುಸ್ತಾಗಿದ್ದಳು, ಚೆನ್ನಾಗಿದ್ದಳು. ಬಾಗಿಲ ಬಳಿ ಮಗುವನ್ನು ತೋರಿಸಿದಾಗ ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ದೃಷ್ಟಿಯ ಕರಿಮಣಿ ಸರ ತೆಗೆದು ಮಗುವಿಗೆ ಕಟ್ಟಲು ಮುಂದಾದರು. ಅಮ್ಮ ಅವರ ಕೈ ಹಿಡಿದು ನಿಲ್ಲಿಸಿದಳು. ಬೀಗಿತ್ತಿಯ ಕೈಯನ್ನು ಅವಳು ಹಾಗೆ ಹಿಡಿದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಸ್ವಲ್ಪ ಇರಿ," ಅಂದಳು. ನರ್ಸಿನ ಕಡೆ ತಿರುಗಿ, "ತೂಕ ಆಯ್ತಾ?"

"ಆಯ್ತಮ್ಮ. ಮೂರು ಕೆಜಿಗೆ ಸ್ವಲ್ಪ ಕಮ್ಮಿ. ಚೆನ್ನಾಗಿದೆ."

"ಮೈ ಮೇಲೆ ಏನೂ ಇರ್ಲಿಲ್ಲ ತಾನೆ?"

ನರ್ಸು ಮಗುವನ್ನೂ ಅಮ್ಮನನ್ನೂ ನೋಡಿದಳು. "ಈಗ ತಾನೆ ಹುಟ್ಟಿದೆಯಲ್ಲಮ್ಮ, ಏನಿರುತ್ತೆ?"

"ಟವೆಲ್ಲು?"

"ಇರ್ಲಿಲ್ಲ."

ಅಮ್ಮ ಮಗುವಿನ ತಲೆಯನ್ನು ಅಂಗೈಯಲ್ಲಿ ಹಿಡಿದು ಅಳೆದು ನೋಡಿದಳು, ನನ್ನ ತಲೆ ನೋಡಿದಳು, ಆಮೇಲೆ ಬೀಗಿತ್ತಿಯ ಕೈಬಿಟ್ಟು, "ಈಗ ಕಟ್ಟಿ" ಅಂದಳು.